ಹುತ್ತಗಟ್ಟಿದ ಪಾದ: ಮಧುರೈ, ಬಳ್ಳಾರಿ, ಮುಂಬಯಿ

ಕಾಯಿಲೆಗೆ ಊರಿನ ಹೆಸರು ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಮಧುರೈ ಅಂದರೆ ನಮಗೆಲ್ಲ ಮೀನಾಕ್ಷಿ ಗುಡಿ, ಮಲ್ಲಿಗೆ ಹೂವು. ವೈದ್ಯರ ಪುಸ್ತಕಗಳಲ್ಲಿ ಮಾತ್ರ ಆ ಊರು 'ಮಧುರಾ ಫೂಟ್' ಅನ್ನುವ ಪಾದದ ರೋಗವಾಗಿ ಕೂತುಬಿಟ್ಟಿದೆ. ಸ್ವಲ್ಪ ಹೆಚ್ಚುಕಮ್ಮಿಯಾಗಿದ್ದರೆ ಈ ಹೆಸರು ನಮ್ಮ ಬಳ್ಳಾರಿಗೆ ಅಂಟುತ್ತಿತ್ತೇನೋ ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಹೇಳ್ತೀನಿ ಕೇಳಿ.

ಮೊದಲು ಕಾಯಿಲೆಯ ವಿಷಯ. ಬರಿಗಾಲಲ್ಲಿ ನಡೆಯುವವರಿಗೆ ಮುಳ್ಳು ಚುಚ್ಚುತ್ತದೆ. ಮುಳ್ಳಿನ ಜೊತೆ ಮಣ್ಣಿನಲ್ಲಿರುವ ಸೂಕ್ಷ್ಮಜೀವಿ ಒಳಹೊಕ್ಕು ಅಲ್ಲೇ ಬೀಡುಬಿಡುತ್ತದೆ. ತಿಂಗಳುಗಳ ನಂತರ, ಕೆಲವರಿಗೆ ವರ್ಷಗಳ ನಂತರ, ಒಂದು ಗಂಟು ಕಾಣಿಸಿಕೊಳ್ಳುತ್ತದೆ. ಪಾದ ಊದುತ್ತದೆ, ಅಲ್ಲಲ್ಲಿ ತೂತು ಬಿದ್ದು ಕೀವು ಬರುತ್ತದೆ, ಆ ಕೀವಿನಲ್ಲಿ ಸಣ್ಣ ಸಣ್ಣ ಕಾಳು! ಕಪ್ಪಗಿದ್ದರೆ ಕೋವಿಮದ್ದಿನ ಹರಳಿನಂತೆ, ಬೆಳ್ಳಗಿದ್ದರೆ ಮೀನಿನ ಮೊಟ್ಟೆಯಂತೆ. ಇದನ್ನು ಆನೆಕಾಲು ರೋಗದ ಜೊತೆ ಸೇರಿಸಬೇಡಿ. ಆನೆಕಾಲು ಸೊಳ್ಳೆಯಿಂದ ಹರಡುವ ಹುಳುವಿನ ಕೆಲಸ, ಅದರಲ್ಲಿ ಕಾಳು ಬರುವುದಿಲ್ಲ. ಕಾಲಿನ ಆಣಿಯೂ ಇದಲ್ಲ. ಆಣಿ ಒತ್ತಡದಿಂದ ದಪ್ಪಗಾದ ಚರ್ಮ, ಅಷ್ಟೆ.

ನಮ್ಮ ಹಳೆಯ ವೈದ್ಯರಿಗೆ ಇಂಥದ್ದು ಕಂಡಿತ್ತು. ಸುಶ್ರುತ ಸಂಹಿತೆಯಲ್ಲಿ 'ವಲ್ಮೀಕ' ಅನ್ನುವ ರೋಗದ ವರ್ಣನೆ ಇದೆ. ಅಂಗಾಲು, ಅಂಗೈ ಮುಂತಾದ ಕಡೆ ನಿಧಾನವಾಗಿ ಬೆಳೆದು, ಹಲವು ಬಾಯಿಗಳಿಂದ ಸೋರುವ ಗಂಟು. ವಲ್ಮೀಕ ಅಂದರೆ ಹುತ್ತ. ಎಷ್ಟು ಸರಿಯಾದ ಹೆಸರು ನೋಡಿ, ಹುತ್ತದ ಹಾಗೇ ಮೇಲೆ ತೂತು, ಒಳಗೆಲ್ಲ ಸುರಂಗ.

1842ರಲ್ಲಿ ಮಧುರೈ ಡಿಸ್ಪೆನ್ಸರಿಯ ವೈದ್ಯ ಗಿಲ್ ಈ ಪಾದಗಳ ಬಗ್ಗೆ ವರದಿ ಬರೆದ. ನಾಲ್ಕು ವರ್ಷಕ್ಕೆ, 1846ರಲ್ಲಿ, ಬಳ್ಳಾರಿಯ ದಂಡಿನ ವೈದ್ಯ ಗಾಡ್‌ಫ್ರೇ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದ. ಈವರೆಗೆ ಯಾರೂ ವಿವರಿಸಿರದ ಪಾದದ ರೋಗ ಎಂಬ ಅರ್ಥದ ತಲೆಬರಹ! ಸುಶ್ರುತ ನಕ್ಕಿರಬೇಕು. ಆಗ ಬಳ್ಳಾರಿ, ಮಧುರೈ ಎರಡೂ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇದ್ದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಜಗತ್ತು ಓದುವ ಪತ್ರಿಕೆಗೆ ಬಳ್ಳಾರಿಯಿಂದ ಸುದ್ದಿ ಹೋಯಿತು, ಹೆಸರು ಮಾತ್ರ ಮಧುರೈಗೆ ಉಳಿಯಿತು.

ಇನ್ನು ಮುಂಬಯಿಗೆ ಬರೋಣ. ಡಾಕ್ಟರಾಗುವವರೆಲ್ಲ ಹೆಸರು ಕೇಳಿರುವ 'ಗ್ರೇಸ್ ಅನಾಟಮಿ' 1858ರಲ್ಲಿ ಬಂತು. ಅದರ ಚಿತ್ರಗಳನ್ನು ಬರೆದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಪುಸ್ತಕಕ್ಕೆ ಗ್ರೇ ಹೆಸರೇ ನಿಂತಿತು, ಚಿತ್ರ ಬರೆದವನು ಹಿಂದೆ ಉಳಿದ. ಅದೇ ವರ್ಷ ಕಾರ್ಟರ್ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳತೊಡಗಿದ. ಕತ್ತರಿಸಿದ ಪಾದಗಳನ್ನು ಸೀಳಿ, ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಶಿಲೀಂಧ್ರದ ಕೆಲಸ ಅಂದ. 1860ರಲ್ಲಿ 'ಮೈಸಿಟೋಮ' ಅಂತ ಹೆಸರಿಟ್ಟ, ಅಂದರೆ ಬೂಷ್ಟಿನ ಗಡ್ಡೆ. 1874ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ತಂದ.

ಅವನು ಹೇಳಿದ್ದು ಅರ್ಧ ನಿಜವಾಯಿತು. 1894ರಲ್ಲಿ ಅಲ್ಜೀರಿಯಾದಲ್ಲಿ ವಿನ್ಸೆಂಟ್ ಎಂಬ ಫ್ರೆಂಚ್ ವೈದ್ಯ ಇಂಥ ಪಾದದಿಂದಲೇ ಬೇರೊಂದು ಜೀವಿಯನ್ನು ಬೆಳೆಸಿದ. ನೋಡಲು ಬೂಷ್ಟಿನ ಎಳೆಯಂತಿದ್ದರೂ ಅದು ಬ್ಯಾಕ್ಟೀರಿಯಾದ ಜಾತಿ. 1913ರಲ್ಲಿ ಪಿನೋಯ್ ಎರಡನ್ನೂ ಬೇರೆ ಬೇರೆಯಾಗಿ ವಿಂಗಡಿಸಿದ. ಬ್ಯಾಕ್ಟೀರಿಯಾದ ಹೆಸರು ಈಗ 'ಆಕ್ಟಿನೋಮಧುರಾ ಮಧುರೇ'. ಒಂದೇ ಹೆಸರಲ್ಲಿ ಮಧುರೈ ಎರಡು ಸಲ!

ಈ ವಿಂಗಡಣೆ ಬರೀ ಪಂಡಿತರ ಜಗಳವಲ್ಲ, ಇದರ ಮೇಲೇ ಕಾಲು ಉಳಿಯುವುದು ನಿಂತಿದೆ. ಬ್ಯಾಕ್ಟೀರಿಯಾ ಆಗಿದ್ದರೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಟ್ಟು ಬಹಳಷ್ಟು ಪಾದಗಳನ್ನು ಉಳಿಸಬಹುದು. ಶಿಲೀಂಧ್ರವಾಗಿದ್ದರೆ ಒಂದು ವರ್ಷದಷ್ಟು ಕಾಲ ದಿನಾ ಮಾತ್ರೆ, ಜೊತೆಗೆ ಶಸ್ತ್ರಚಿಕಿತ್ಸೆ. ಎಲುಬಿಗೆ ಇಳಿದಿದ್ದರೆ ಕಡೆಗೆ ಕಾಲನ್ನೇ ತೆಗೆಯಬೇಕಾಗಬಹುದು. ಎರಡಕ್ಕೂ ಹೊರಗೆ ಕಾಣುವ ರೂಪ ಒಂದೇ. ಹಾಗಾಗಿ ಯಾವುದೆಂದು ಪರೀಕ್ಷೆ ಮಾಡಿಸದೆ ಔಷಧಿ ನುಂಗಿದರೆ ಕಾಲವೂ ಹಾಳು, ದುಡ್ಡೂ ಹಾಳು.

ಇದರ ದೊಡ್ಡ ಮೋಸ ಏನು ಗೊತ್ತಾ? ಶುರುವಿನಲ್ಲಿ ನೋವೇ ಇರುವುದಿಲ್ಲ. ನೋವಿಲ್ಲದ ಗಂಟಿಗಾಗಿ ಕೂಲಿ ಬಿಟ್ಟು ಪಟ್ಟಣದ ಆಸ್ಪತ್ರೆಗೆ ಯಾರು ಹೋಗ್ತಾರೆ? ನಮ್ಮ ಕಡೆ ಹೊಲಕ್ಕೆ ಇಳಿಯುವ ಮುಂಚೆ ಚಪ್ಪಲಿಯನ್ನು ಬದುವಿನ ಮೇಲೆ ಬಿಡುತ್ತಾರೆ. ಭೂಮಿತಾಯಿಯನ್ನು ಮೆಟ್ಟುವುದಕ್ಕೆ ಮನಸ್ಸು ಬರುವುದಿಲ್ಲ. ನನ್ನಜ್ಜನೂ ಹಾಗೇ ಮಾಡುತ್ತಿದ್ದರು, ಜಾಲಿಮುಳ್ಳು ಕೀಳಲು ಉಡಿದಾರದಲ್ಲೇ ಒಂದು ಚಿಮಟ ಇರುತ್ತಿತ್ತು. ಆ ನಂಬಿಕೆಯನ್ನು ಆಡಿಕೊಳ್ಳಲು ನನಗೆ ಇಷ್ಟವಿಲ್ಲ. ಆದರೆ ಮುಳ್ಳು ಚುಚ್ಚಿದ ಜಾಗದಲ್ಲಿ ತಿಂಗಳಾದ ಮೇಲೂ ಗಂಟು ಉಳಿದಿದ್ದರೆ, ನೋವಿಲ್ಲದಿದ್ದರೂ ತೋರಿಸಿ ಅಂತ ಹೇಳಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಗಿಲ್ ಬರೆದು ಅಷ್ಟೊತ್ತಿಗೆ 174 ವರ್ಷವಾಗಿತ್ತು! ಇದಕ್ಕೆಂದೇ 1991ರಲ್ಲಿ ಸುಡಾನಿನ ಖಾರ್ಟೂಮ್‌ನಲ್ಲಿ ಶುರುವಾದ ಸಂಶೋಧನಾ ಕೇಂದ್ರದಲ್ಲಿ, ದಿನಾ ನುಂಗುವ ಬದಲು ವಾರಕ್ಕೊಮ್ಮೆ ನುಂಗುವ ಹೊಸ ಮಾತ್ರೆಯ ಪರೀಕ್ಷೆಯೂ ನಡೆಯಿತು. 2023ರಲ್ಲಿ ಶುರುವಾದ ಯುದ್ಧ ಆ ಕೇಂದ್ರವನ್ನೇ ನುಂಗಿಹಾಕಿತು. ಬಡವರ ಕಾಯಿಲೆಗೆ ಇದ್ದ ದೊಡ್ಡ ಆಸರೆಯೂ ಹೋಯಿತಲ್ಲ ಅಂತ ಓದಿದ ದಿನ ತುಂಬಾ ಬೇಜಾರಾಯಿತು.

ಸುಶ್ರುತನ ಮಾತನ್ನು ಹಿಡಿದು ನಾನು ಇದಕ್ಕೆ 'ಹುತ್ತಗಾಲು' ಅನ್ನಲೇ ಅಂದುಕೊಂಡಿದ್ದೇನೆ. ನಿಮ್ಮೂರಲ್ಲಿ ಹಿರಿಯರು ಬೇರೆ ಹೆಸರು ಹೇಳುತ್ತಿದ್ದರೆ ದಯವಿಟ್ಟು ತಿಳಿಸಿ. ಮಧುರೈಯವರಿಗೂ ಸ್ವಲ್ಪ ಭಾರ ಇಳಿಯಲಿ :-)