ಹೆಸರಿನಲ್ಲಿ ಉಳಿದ ಕೆರೆ



ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ನುಂಗಂಬಾಕ್ಕಂನಲ್ಲಿ ಈಗ ಎರಡೂ ಇಲ್ಲ. 'ಟ್ಯಾಂಕ್ ಬಂಡ್ ರೋಡ್', 'ಲೇಕ್ ಏರಿಯಾ' ಎಂಬ ಹೆಸರುಗಳಷ್ಟೇ ಉಳಿದಿವೆ.

ಒಂದು ಕಾಲದಲ್ಲಿ ನುಂಗಂಬಾಕ್ಕಂನಿಂದ ಸೈದಾಪೇಟೆಯ ಕಡೆಗೆ ಉದ್ದಕ್ಕೆ ಚಾಚಿದ್ದ ಕೆರೆಯನ್ನು ಇಂಗ್ಲಿಷರು 'ಲಾಂಗ್ ಟ್ಯಾಂಕ್' ಎನ್ನುತ್ತಿದ್ದರು. 1920ರ ದಶಕದಲ್ಲಿ ಅದನ್ನು ಬರಿದು ಮಾಡಿ ಬಡಾವಣೆ ಕಟ್ಟಿದರು. ಅದೇ ನಮ್ಮ ಕರ್ನಾಟಕ ಸಂಘವಿರುವ ತ್ಯಾಗರಾಯ ನಗರ. ನುಂಗಂಬಾಕ್ಕಂ ಕೆರೆಯ ಜಾಗದಲ್ಲಿ 1976ರಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು.

ಕೆರೆ ಹೋದರೆ ಏನು ಹೋಯಿತು? ಕಡಲಿನಿಂದ ಆವಿಯಾಗಿ ಎದ್ದ ನೀರು ಮಳೆಯಾಗಿ ಬಂದು ಮತ್ತೆ ಕಡಲು ಸೇರುತ್ತದೆ. ಈ ಸುತ್ತಿನಲ್ಲಿ ನೀರನ್ನು ತಡೆದು ನಿಲ್ಲಿಸಿ, ನೆಲಕ್ಕೆ ಇಂಗಿಸುವ ತಂಗುದಾಣವೇ ಕೆರೆ. ಚೆನ್ನೈಗೆ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ. ಅದರ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲೇ ಸುರಿಯುತ್ತದೆ. ಮೂರು ತಿಂಗಳ ನೀರನ್ನು ಹನ್ನೆರಡು ತಿಂಗಳಿಗೆ ಹಂಚಬೇಕಾದ ಊರಿಗೆ ಕೆರೆಯೇ ಕಣಜ.

1872ರಲ್ಲಿ ರೆಡ್ ಹಿಲ್ಸ್ ಕೆರೆಯ ನೀರು ಊರೊಳಗೆ ಬಂತು. ದೂರದ ನೀರು ಬಂದಂತೆಲ್ಲ ಹತ್ತಿರದ ಕೆರೆ ಬರೀ ಸೈಟಾಗಿ ಕಂಡಿತು. ಉತ್ತರದ ಮೀಂಜೂರಿನಲ್ಲಿ ಅತಿಯಾಗಿ ಬಾವಿ ನೀರೆತ್ತಿದ್ದರಿಂದ ಕಡಲ ಉಪ್ಪುನೀರು ನೆಲದಡಿ ನುಗ್ಗಿತು. 2010ರಲ್ಲಿ ಅದೇ ಕಡೆ ದಿನಕ್ಕೆ 10 ಕೋಟಿ ಲೀಟರ್ ಕಡಲನೀರನ್ನು ಸಿಹಿ ಮಾಡುವ ಘಟಕ ಬಂತು. ಸೂರ್ಯ ಪುಕ್ಕಟೆ ಮಾಡುವ ಕೆಲಸಕ್ಕೆ ನಾವು ಕರೆಂಟ್ ಬಿಲ್ ಕಟ್ಟತೊಡಗಿದೆವು!

2015ರ ಡಿಸೆಂಬರ್ 1ರ ಮಳೆಗೆ ಅಡಯಾರ್ ಉಕ್ಕಿ ಸೈದಾಪೇಟೆ ಮುಳುಗಿತು. ನಾಲ್ಕೇ ವರ್ಷಕ್ಕೆ, 2019ರ ಬೇಸಿಗೆಯಲ್ಲಿ, ನಗರದ ನಾಲ್ಕೂ ಜಲಾಶಯಗಳು ಬಹುತೇಕ ಒಣಗಿದವು. ಆ ಜುಲೈನಲ್ಲಿ ಜೋಲಾರಪೇಟೆಯಿಂದ ರೈಲು ನೀರು ಹೊತ್ತು ತಂದಿತು. ಅದು ನಮ್ಮ ಕಾವೇರಿಯ ನೀರು. ನೆರೆಯೂ ಬರವೂ ಒಂದೇ ತಪ್ಪಿನ ಎರಡು ಮುಖ.

ಕಳೆದ ಕೆರೆಯನ್ನು ಮರಳಿ ತರಲಾಗದು. ಆದರೆ 2003ರಲ್ಲಿ ತಮಿಳುನಾಡು ಸರ್ಕಾರ ಪ್ರತಿ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿತು. ಅಂದರೆ ಮನೆಗೊಂದು ಪುಟ್ಟ ಕೆರೆ. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣದ ಹೊತ್ತಿಗೇ ಇಲ್ಲಿ ಹಿಂಗಾರು ಕಾಲಿಡುತ್ತದೆ. ಅದಕ್ಕೆ ಮೊದಲು ನಿಮ್ಮ ಇಂಗುಗುಂಡಿಯ ಹೂಳು ತೆಗೆಸಿದ್ದೀರಾ, ಒಮ್ಮೆ ನೋಡಿ.