ಪೇಜ್ ಕ್ಯಾಶಿನ ಕಾವಲು

ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡವು ತುಂಬಿ ಅಕ್ಕತಂಗಿಯರ ಹೊಂಡಕ್ಕೂ, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡಕ್ಕೂ, ತರುವಾಯ ಸಂತೆಹೊಂಡಕ್ಕೂ ನೀರಿಳಿಯುವ ಕ್ರಮವನ್ನು ಕಂಡವರು, ಆಗಸದ ನೀರನ್ನು ಬಳಸುವವರ ಕೈಯಳವಿಗೆ ತಂದಿರಿಸಿದ ಹಿಂದಿನವರ ಜಾಣ್ಮೆಗೆ ತಲೆದೂಗದಿರಲಾರರು. ಗಣಕಯಂತ್ರದ ಕರ್ನೆಲ್ಲಿನಲ್ಲಿಯೂ ಇಂಥದೊಂದು ಹೊಂಡವುಂಟು; ಮಂದಗತಿಯ ಡಿಸ್ಕಿನಿಂದ ಒಮ್ಮೆ ಓದಿದ ಕಡತವನ್ನು, ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ಮೆಮೊರಿಯಲ್ಲಿ ಉಳಿಸಿಕೊಂಡು, ಮರಳಿ ಕೇಳಿದವರಿಗೆ ಅಲ್ಲಿಂದಲೇ ಒದಗಿಸುವುದು ಪೇಜ್ ಕ್ಯಾಶ್ ಎಂಬ ಈ ಸಂಗ್ರಹದ ಧರ್ಮ.

1970ರ ದಶಕದ ಯುನಿಕ್ಸಿನಲ್ಲಿ ಸಂಗ್ರಹವು ಡಿಸ್ಕಿನ ಬ್ಲಾಕುಗಳ ಲೆಕ್ಕದಲ್ಲಿದ್ದಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನಲ್ಲಿ ಬಫರ್ ಕ್ಯಾಶ್, ಪೇಜ್ ಕ್ಯಾಶ್ ಎಂಬ ಎರಡು ಸಂಗ್ರಹಗಳು ಬಹುಕಾಲ ಬೇರೆಬೇರೆಯಾಗಿದ್ದು, 2001ರ 2.4ನೆಯ ಆವೃತ್ತಿಯಲ್ಲಿ ಏಕೀಭವಿಸಿದವು. ಇಂಥ ಮಾರ್ಪಾಟುಗಳನ್ನು ಬರೆದವರಲ್ಲದ ಅನ್ಯರು ಸಾಲುಸಾಲಾಗಿ ಓದಿ, ಆಕ್ಷೇಪಿಸಿ, ಒಪ್ಪಿದ ಮೇಲೆಯೇ ಸೇರಿಸಿಕೊಳ್ಳುವುದು ಆ ವೃತ್ತಿಯ ಸಂಪ್ರದಾಯ. 2004ರಿಂದೀಚೆಗೆ ತಿದ್ದುಪಡಿಯೊಡನೆ ಅದನ್ನು ಕಳುಹಿಸಿದವನ ರುಜುವೂ ಇರತಕ್ಕುದೆಂಬ ನಿಯಮವಾಯಿತು.

ಆದರೆ ಪರಾಮರ್ಶಕನ ಕಣ್ಣಿಗೆ ಬೀಳುವುದು ಬದಲಾದ ಸಾಲು. ಬದಲಾಗದೆ ಉಳಿದ ಹಳೆಯ ಸಾಲಿನ ಮೇಲೆ ಅದು ಬೀರುವ ಪರಿಣಾಮವನ್ನು ಅವನು ನೆನಪಿನಿಂದಲೇ ಊಹಿಸಬೇಕು. 2016ರ 4.9ನೆಯ ಆವೃತ್ತಿಗೆ ಬಂದ ತಿದ್ದುಪಡಿಯೊಂದು, ಒಂದು ಪ್ರೋಗ್ರಾಮಿನಿಂದ ಮತ್ತೊಂದಕ್ಕೆ ದತ್ತಾಂಶವನ್ನು ಸಾಗಿಸುವ ಪೈಪಿನ ಬಫರುಗಳಲ್ಲಿ, ಫ್ಲ್ಯಾಗುಗಳೆಂಬ ಗುರುತುಗಳನ್ನು ಸೊನ್ನೆಗೊಳಿಸದೆ ಬಿಟ್ಟಿತು. ಆಗ ಅದರಿಂದ ಹೇಳಿಕೊಳ್ಳುವಂಥ ಬಾಧೆಯಾಗಲಿಲ್ಲ. 2020ರ 5.8ರಲ್ಲಿ ಬಂದ ಬೇರೊಂದು ತಿದ್ದುಪಡಿ, ಇದ್ದ ಪುಟಕ್ಕೇ ಹೊಸ ಬರಹವನ್ನು ಸೇರಿಸಬಹುದೆಂಬ ಅನುಮತಿಯನ್ನು ಅದೇ ಫ್ಲ್ಯಾಗುಗಳಲ್ಲಿ ಇರಿಸಲು, ಕಡತವನ್ನು ಓದುವ ಅಧಿಕಾರ ಮಾತ್ರವುಳ್ಳವನೂ ಅದರ ಕ್ಯಾಶಿನ ಪ್ರತಿಯನ್ನು ತಿದ್ದಬಲ್ಲವನಾದನು. ಬಿಡಿಬಿಡಿಯಾಗಿ ನೋಡಿದರೆ ಎರಡೂ ನಿರುಪದ್ರವಿಗಳೇ. ಡಿಸ್ಕಿನಲ್ಲಿ ಮೂಲ ಕಡತವು ನಿರ್ಮಲವಾಗಿದ್ದಾಗಲೂ ಓದಿದವರಿಗೆಲ್ಲ ಕಲುಷಿತ ಪ್ರತಿಯೇ ದೊರೆಯಬಹುದಾಗಿದ್ದುದು ಈ ದೋಷದ ವಿಚಿತ್ರ.

ಇದನ್ನು ಪತ್ತೆಹಚ್ಚಿದ ಮ್ಯಾಕ್ಸ್ ಕೆಲ್ಲರ್‌ಮನ್, ಭದ್ರತೆಯ ಲೋಪವನ್ನು ಅರಸಿ ಹೊರಟವರೇನೂ ಅಲ್ಲ; ಗ್ರಾಹಕರ ಲಾಗ್ ಕಡತಗಳು ಆಗಾಗ ಕೆಡುತ್ತಿದ್ದುದೇಕೆಂದು ಹುಡುಕುತ್ತ, ಬೇಸರಿಸದೆ ಜಾಡು ಹಿಡಿದು ಕರ್ನೆಲ್ಲಿನವರೆಗೆ ನಡೆದರು. ನನಗಂತೂ ಶೋಧಕ್ಕಿಂತ ಈ ತಾಳ್ಮೆಯೇ ದೊಡ್ಡದೆನಿಸುತ್ತದೆ. 2022ರ ಮಾರ್ಚ್ 7ರಂದು ‘ಡರ್ಟಿ ಪೈಪ್’ ಎಂಬ ಹೆಸರಿನಿಂದ ಲೋಕಕ್ಕೆ ತಿಳಿದ ಈ ದೋಷಕ್ಕೆ ಫೆಬ್ರವರಿಯಲ್ಲಿಯೇ, 5.16.11ನೆಯ ಆವೃತ್ತಿಯಲ್ಲಿ, ಪರಿಹಾರವು ಸೇರಿದ್ದಿತು: 2016ರಲ್ಲಿ ಬಿಟ್ಟುಹೋಗಿದ್ದ ಎರಡೆಡೆಗಳಲ್ಲಿ ಫ್ಲ್ಯಾಗುಗಳನ್ನು ಸೊನ್ನೆಗೊಳಿಸುವ ಎರಡು ಸಾಲುಗಳು.