ಮಲಪ್ರಭೆಯ ದಂಡೆಯಲ್ಲಿ ಅಂತಶ್ಶೋಧ

ಸಂಗೊಳ್ಳಿಯ ರಾಯಣ್ಣನ ಚರಿತ್ರೆಯು 1831ನೆಯ ಇಸವಿಯ ಜನೇವರಿ 26ಕ್ಕೆ ಮುಗಿಯಿತೆಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. 1824ರಲ್ಲಿ ಕಿತ್ತೂರು ಕುಂಪಣಿಯವರ ಕೈವಶವಾದುದು, ರಾಣಿ ಚನ್ನಮ್ಮನವರು ಬೈಲಹೊಂಗಲದ ಕೋಟೆಯ ಸೆರೆಯಲ್ಲಿ 1829ರಲ್ಲಿ ತೀರಿಕೊಂಡುದು, ರಾಯಣ್ಣನು ದಂಡು ಕಟ್ಟಿ ಸರಕಾರವನ್ನು ಕಾಡಿ 1830ರಲ್ಲಿ ಸೆರೆಸಿಕ್ಕುದು, ನಂದಗಡದಲ್ಲಿ ಗಲ್ಲಿಗೇರಿದುದು,—ಇವೆಲ್ಲ ಈ ಭಾಗದ ಮನೆಮನೆಗೂ ತಿಳಿದ ಸಂಗತಿಗಳು. ಆದರೆ ಜನಮನಸ್ಸಿನಲ್ಲಿ ಆ ಚರಿತ್ರೆಯು ಅಲ್ಲಿಗೆ ಮುಗಿಯಲಿಲ್ಲ. ರಾಯಣ್ಣನ ಸಮಾಧಿಯ ಮೇಲೆ ಆತನ ಒಡನಾಡಿಯಾದ ಬಿಚ್ಚುಗತ್ತಿ ಚನ್ನಬಸಪ್ಪನು ಆಲದ ಸಸಿಯೊಂದನ್ನು ನೆಟ್ಟನೆಂದು ಪ್ರತೀತಿ. ಅದೀಗ ಮಹಾವೃಕ್ಷವಾಗಿದೆ. ಮಕ್ಕಳಾಗದ ಹೆಂಗಸರು ಅಲ್ಲಿಗೆ ಬಂದು ಟೊಂಗೆಗಳಿಗೆ ಚಿಕ್ಕ ಚಿಕ್ಕ ತೊಟ್ಟಿಲುಗಳನ್ನು ಕಟ್ಟಿ ಹರಕೆ ಹೊರುವರು.

ಇತಿಹಾಸಕಾರನು ಈ ತೊಟ್ಟಿಲುಗಳನ್ನು ಕಂಡು ಏನು ಮಾಡಬೇಕು? ರಾಯಣ್ಣನ ಹೋರಾಟಕ್ಕೂ ಸಂತಾನಭಾಗ್ಯಕ್ಕೂ ಕಾರಣ-ಕಾರ್ಯದ ನಂಟಿಲ್ಲ. ಆದುದರಿಂದ ಇದು ಮೂಢನಂಬಿಕೆಯೆಂದು ಬದಿಗೊತ್ತುವದು ಸುಲಭ. ವೀರಪೂಜೆಯೆಂದು ಕೊಂಡಾಡಿ ಮುಂದೆ ಸಾಗುವದು ಇನ್ನೂ ಸುಲಭ. ಆದರೆ ರಾಜದ್ರೋಹಿಯೆಂದು ನೇಣಿಗೆ ಕೊಟ್ಟವನ ಗೋರಿಯ ಮೇಲಿನ ಮರದಿಂದಲೇ ಮಗುವನ್ನು ಬೇಡಬೇಕೆಂದು ಯಾರೂ ಸಭೆ ಕೂಡಿ ಗೊತ್ತುಮಾಡಿರಲಿಲ್ಲ. ಅದು ಎಲ್ಲಿಂದ ಬಂದಿತು? ಈ ಬಗೆಯ ಪ್ರಶ್ನೆಯನ್ನೇ ತನ್ನ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡ ಶಾಸ್ತ್ರವೊಂದು ಇಪ್ಪತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಬೆಳೆಯಿತು. ಅದರ ಅರ್ಥವನ್ನು ಕನ್ನಡದ ಮಣ್ಣಿಗೆ ಹಚ್ಚಿ ನೋಡಿದವರಲ್ಲಿ ಅಗ್ರಗಣ್ಯರೊಬ್ಬರು ಇದೇ ಮಲಪ್ರಭೆಯ ಮಗ್ಗುಲಲ್ಲಿ ಹುಟ್ಟಿದವರೆಂಬದು ವಾಚಕರಲ್ಲಿ ಹಲವರ ಲಕ್ಷ್ಯಕ್ಕೆ ಬಂದಿರಲಾರದು.

ಸ್ವಿತ್ಝರ್ಲಂಡದ ವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ (1875-1961) ಮೊದಲಿಗೆ ಫ್ರಾಯ್ಡನ ಸಹೋದ್ಯೋಗಿಯಾಗಿದ್ದು ಆಮೇಲೆ ಬೇರೆ ದಾರಿ ಹಿಡಿದವನು. ಮನುಷ್ಯನ ಎಚ್ಚರದ ಮನಸ್ಸಿನ ಕೆಳಗೆ ಆತನ ಸ್ವಂತದ ಮರೆತ ನೆನಪುಗಳಷ್ಟೇ ಅಲ್ಲ, ಇಡಿಯ ಮಾನವಕುಲಕ್ಕೆ ಸಾಧಾರಣವಾದ ಒಂದು ಸುಪ್ತಚಿತ್ತವಿದೆಯೆಂದು ಅವನ ಸಿದ್ಧಾಂತ. ತಾಯಿ, ವೀರ, ಸರ್ಪ, ವೃಕ್ಷ ಮೊದಲಾದ ಆದಿಪ್ರತಿಮೆಗಳು ಅಲ್ಲಿಂದೆದ್ದು ಕನಸಿನಲ್ಲಿಯೂ ಪುರಾಣದಲ್ಲಿಯೂ ಒಂದೇ ತೆರನಾಗಿ ಮೈದೋರುತ್ತವೆ. ತನ್ನೊಳಗಿನ ಬೆಳಕನ್ನಷ್ಟೇ ಅಲ್ಲದೆ ಕತ್ತಲೆಯ ಪಾಲನ್ನೂ ಗುರುತಿಸಿ ಒಂದುಗೂಡಿಸಿಕೊಳ್ಳುವದೇ ಪೂರ್ಣತೆ. ಜೀವಿತದ ಉತ್ತರಾರ್ಧದ ಕೆಲಸವೇ ಅದು ಎಂದು ಅವನು ತನ್ನ ರೋಗಿಗಳಿಗೆ ಹೇಳುತ್ತಿದ್ದನು. ಆ ಪೂರ್ಣತೆಯ ಕೇಂದ್ರಕ್ಕೆ ಹೆಸರಿಡುವಾಗ ಉಪನಿಷತ್ತುಗಳ ಆತ್ಮ ಎಂಬ ಮಾತು ಅವನ ಮುಂದಿದ್ದಿತು. 1912ರಲ್ಲಿ ಪ್ರಕಟಿಸಿ 1952ರಲ್ಲಿ ಪರಿಷ್ಕರಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಅವನು ಮರದ ಮೇಲೆ ತೂಗಿದ ವೀರರ ಕಥೆಗಳನ್ನು ಕಲೆಹಾಕಿದ್ದಾನೆ. ಮರವು ತಾಯಿಯ ಪ್ರತಿಮೆ. ಅದರಲ್ಲಿ ತೂಗಿ ಸಾಯುವವನು ತಾಯೊಡಲಿಗೆ ಮರಳಿ ಹೊಸದಾಗಿ ಹುಟ್ಟುವವನು ಎಂದು ಅಲ್ಲಿಯ ವ್ಯಾಖ್ಯಾನ. ನಂದಗಡದ ತೊಟ್ಟಿಲು ಅವನ ಕಣ್ಣಿಗೆ ಬಿದ್ದಿದ್ದರೆ ಒಂದು ಅಧ್ಯಾಯವೇ ಹೆಚ್ಚುತ್ತಿತ್ತೋ ಏನೋ!

ಇನ್ನು ಈ ನೆಲದವರ ಮಾತಿಗೆ ಬರೋಣ. ಶಂಕರ ಬಾಳದೀಕ್ಷಿತ ಜೋಶಿ,—ಕನ್ನಡಿಗರ ಬಾಯಲ್ಲಿ ಶಂಬಾ,—1896ನೆಯ ಇಸವಿಯ ಜನೇವರಿ 4ರಂದು ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿದಂಬರೇಶ್ವರನ ದೇವಾಲಯದಿಂದ ಹೆಸರಾದ ಊರದು. ಜೋಶಿಯವರು ಹೊಟ್ಟೆಪಾಡಿಗೆ ಶಿಕ್ಷಕರು. ಆಯುಷ್ಯದ ಬಹುಭಾಗವನ್ನು ಧಾರವಾಡದಲ್ಲಿ ಕಳೆದರು. ವಿಶ್ವವಿದ್ಯಾಲಯದ ಆಶ್ರಯವಿಲ್ಲದೆ, ಪದವಿಗಳ ಬಲವಿಲ್ಲದೆ ಸಂಶೋಧನೆಗೆ ತೊಡಗಿದವರು. 1933ರಲ್ಲಿ ‘ಕಣ್ಮರೆಯಾದ ಕನ್ನಡ’ವನ್ನು ಹೊರತಂದರು. ಅಂದು ಅವರು ಹುಡುಕುತ್ತಿದ್ದುದು ನೆಲದ ಮೇಲಿನ ಗಡಿಯನ್ನು: ಮರಾಠಿ ಸೀಮೆಯ ಊರ ಹೆಸರುಗಳಲ್ಲಿ, ಕುಲದ ಹೆಸರುಗಳಲ್ಲಿ ಹುದುಗಿದ್ದ ಕನ್ನಡದ ಕುರುಹುಗಳನ್ನು. ಕರ್ನಾಟಕದ ಏಕೀಕರಣಕ್ಕಾಗಿ ಉತ್ತರದ ಜಿಲ್ಲೆಗಳು ಹಂಬಲಿಸುತ್ತಿದ್ದ ಕಾಲವದು. ಆ ಹಂಬಲಕ್ಕೆ ಈ ಪುಸ್ತಕವು ಚರಿತ್ರೆಯ ಬಲವನ್ನು ಒದಗಿಸಿತು. ಅವರ ವ್ಯುತ್ಪತ್ತಿಗಳಲ್ಲಿ ಭಾಷಾಶಾಸ್ತ್ರಜ್ಞರು ಒಪ್ಪದವು ಸಾಕಷ್ಟಿವೆ. ಅದನ್ನು ಮುಚ್ಚಿಡಬೇಕಾಗಿಲ್ಲ.

ಅವರು ಅಲ್ಲಿಯೇ ನಿಂತಿದ್ದರೆ ಗಡಿ ಸಂಶೋಧಕರಲ್ಲಿ ಒಬ್ಬರೆನಿಸಿ ಉಳಿಯುತ್ತಿದ್ದರು. ಆದರೆ ಊರ ಹೆಸರನ್ನು ಅಗೆಯುತ್ತ ಹೋದವರಿಗೆ ಆ ಹೆಸರಿಟ್ಟ ಜನರ ದೇವತೆಗಳು ಸಿಕ್ಕರು. ದೇವತೆಗಳ ಹಿಂದೆ ಪ್ರತಿಮೆಗಳು, ಪ್ರತಿಮೆಗಳ ಹಿಂದೆ ಮನಸ್ಸು. ಹೊರಗಿನ ಗಡಿಯ ಶೋಧವು ಹೀಗೆ ಒಳಗಿನ ಗಡಿಯ ಶೋಧವಾಗಿ ಮಾರ್ಪಟ್ಟಿತು. ಉತ್ತರವಯಸ್ಸಿನ ಅವರ ಬರವಣಿಗೆಯಲ್ಲಿ ಯೂಂಗನ ಆಳದ ಮನೋವಿಜ್ಞಾನದ ಜಾಡು ನಿಚ್ಚಳವಾಗಿದೆ. 1960ರ ‘ಹಾಲುಮತ ದರ್ಶನ’ದಲ್ಲಿ ಕನ್ನಡ ಸಂಸ್ಕೃತಿಯ ಬೇರುಗಳನ್ನು ಅವರು ಕುರಿಗಾಹಿಗಳ ಬಾಳಿನಲ್ಲಿ ಅರಸಿದರು, 1971ರ ‘ಋಗ್ವೇದಸಾರ: ನಾಗಪ್ರತಿಮಾವಿಚಾರ’ದಲ್ಲಿ ಸರ್ಪದ ಪ್ರತಿಮೆಯನ್ನೇ ಕೈಗೆತ್ತಿಕೊಂಡರು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನುಷ್ಯನು ಪ್ರತಿಮೆಗಳನ್ನು ಸೃಷ್ಟಿಸಿ ಅವುಗಳ ಮೂಲಕವೇ ಬಾಳುವನು. ಆದರೆ ಪ್ರತಿಮೆಯ ಅರ್ಥವನ್ನು ಮರೆತು ಅದರ ಹೊರಮೈಯನ್ನೇ ಹಿಡಿದುಕೊಂಡಾಗ ಅವನು ಕಟ್ಟಿದ್ದೇ ಅವನನ್ನು ಕಟ್ಟಿಹಾಕುವದು. ಇದೇ ಅವರ ವಿಚಾರಗಳ ಜೀವಾಳ. ಯೂಂಗನು ಒಬ್ಬ ರೋಗಿಯ ಕನಸಿನಲ್ಲಿ ಕಂಡುದನ್ನು ಜೋಶಿಯವರು ಇಡಿಯ ಸಮಾಜದ ನಡವಳಿಯಲ್ಲಿ ಕಾಣಹೋದರು. ಆದುದರಿಂದಲೇ ಅವರ ಮಾತು ಕೆಲವೆಡೆ ಕಹಿಯಾಗಿದೆ: ಅವರದೊಂದು ಗ್ರಂಥದ ಹೆಸರೇ ‘ಪ್ರವಾಹ ಪತಿತರ ಕರ್ಮ: ಹಿಂದೂ ಎಂಬ ಧರ್ಮ’.

ಈ ಬೆಳಕಿನಲ್ಲಿ ಸಂಗೊಳ್ಳಿಯ ಸಂಗತಿಯನ್ನು ಮತ್ತೆ ನೋಡಬಹುದು. ರಾಯಣ್ಣನು ಹುಟ್ಟಿದ್ದು ಹಾಲುಮತದ ಕುರುಬರ ಮನೆತನದಲ್ಲಿ. ಆತನ ಲಾವಣಿಗಳನ್ನು ಜನರು ಅಂದಿನಿಂದಲೇ ಹಾಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಸಾಹೇಬರು ಕಲೆಹಾಕಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಆತನದೂ ಒಂದು. ಸಂಗೊಳ್ಳಿಯ ಗುಡಿಯಲ್ಲಿ ಆತನ ಮೂರ್ತಿಯ ಮಗ್ಗುಲಿಗೆ ಸಾಮುಮಾಡುವ ಕಟ್ಟಿಗೆಯ ಭಾರಗಳನ್ನಿಟ್ಟಿದ್ದಾರೆ. ರಾಜ್ಯ ಹೋಯಿತು, ರಾಣಿ ಸೆರೆಯಲ್ಲಿ ತೀರಿದಳು, ಕಟ್ಟಾಳು ನೇಣಿಗೇರಿದನು. ಇಂಥ ಸೋಲನ್ನು ಒಂದು ಜನಸಮೂಹವು ಎಚ್ಚರದ ಮನಸ್ಸಿನಿಂದ ಅರಗಿಸಿಕೊಳ್ಳಲಾರದು. ಬುದ್ಧಿಯು ಸೋತೆವೆಂದು ಒಪ್ಪಿಕೊಳ್ಳುವಾಗ ಮನಸ್ಸಿನ ಆಳವು ಸೋತವನನ್ನು ಮರವನ್ನಾಗಿ ಮಾಡಿ, ಮರಕ್ಕೆ ತೊಟ್ಟಿಲು ಕಟ್ಟಿತು. ಕುಂಪಣಿಯವರ ಕಾಗದಪತ್ರಗಳಲ್ಲಿ ಇದಕ್ಕೆ ಆಧಾರ ಸಿಗುವದಿಲ್ಲ, ಸಿಗಬೇಕಾಗಿಯೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ರಾಯಣ್ಣನ ಜನನವು ಆಗಸ್ಟ್ 15ರಂದು, ಮರಣವು ಜನೇವರಿ 26ರಂದು. ಆದುದರಿಂದ ಸ್ವತಂತ್ರ ಭಾರತದ ಎರಡೂ ಹಬ್ಬಗಳು ಆತನ ಬಾಳಿನಲ್ಲಿ ಮೊದಲೇ ಬರೆದಿದ್ದವೆಂದು ಹೇಳುವ ರೂಢಿಯುಂಟು. ಅರ್ಥಪೂರ್ಣ ಕಾಕತಾಲೀಯಗಳಿಗೆ ಯೂಂಗನು ಪ್ರತ್ಯೇಕ ಹೆಸರನ್ನೇ ಇಟ್ಟು 1952ರಲ್ಲಿ ಪ್ರಬಂಧ ಬರೆದನು. ಆದರೆ ಅಂಥ ಸಂಗತಿಗಳು ಅದನ್ನು ಕಾಣುವ ಮನಸ್ಸಿನ ಮೇಲೆ ಬೆಳಕು ಚೆಲ್ಲುವವೇ ಹೊರತು ಘಟನೆಯ ಮೇಲಲ್ಲ. ಇತಿಹಾಸಕಾರನು ಈ ಎರಡರ ಭೇದವನ್ನು ಬಿಟ್ಟುಕೊಟ್ಟರೆ ಆತನಿಗೆ ಕೆಲಸವೇ ಉಳಿಯದು.

ಅಂತರಂಗದ ಶೋಧಕ್ಕಾಗಿ ಈ ದಂಡೆಯ ಜನರು ಯೂರೋಪಿನ ವೈದ್ಯನ ದಾರಿ ಕಾಯುತ್ತ ಕುಳಿತಿರಲಿಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಉಳವಿಯ ಕಡೆಗೆ ಸಾಗಿದ ದಾರಿಯನ್ನು ಜನಶ್ರುತಿಯು ಇಲ್ಲಿಯೇ ಗುರುತಿಸುತ್ತದೆ: ಕಾದರವಳ್ಳಿಯಲ್ಲಿ ಯುದ್ಧ, ಮುಗುಟಖಾನ ಹುಬ್ಬಳ್ಳಿಯ ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳ ಷಟ್‌ಸ್ಥಲವು ಬಿಡಿಯಾದ ಜೀವವು ಇಡಿಯಾಗುವ ಕ್ರಮವನ್ನೇ ಹೇಳುತ್ತದೆ. ಆದರೆ ಕೊನೆಯ ಮೆಟ್ಟಿಲಿನಲ್ಲಿ ಯೂಂಗನಿಗೂ ಈ ದೇಶದ ಅನುಭಾವಿಗಳಿಗೂ ಭೇದವಿದೆ. 1937ರ ಕೊನೆಗೆ ಭಾರತಕ್ಕೆ ಬಂದ ಯೂಂಗನು ಮೈಸೂರಿನ ಮಹಾರಾಜರ ಅತಿಥಿಯಾಗಿದ್ದು, ಅವರ ವೇದಾಂತಗುರುಗಳಾದ ವಿ. ಸುಬ್ರಹ್ಮಣ್ಯ ಅಯ್ಯರವರೊಡನೆ ಆಳವಾಗಿ ಚರ್ಚಿಸಿದನು. ಸಾಧುಸಂತರನ್ನು ಮಾತ್ರ ಉದ್ದೇಶಪೂರ್ವಕವಾಗಿ ಕಾಣಲಿಲ್ಲ. ‘ನಾನು’ ಎಂಬುದು ಪೂರ್ತಿ ಅಳಿದ ಮೇಲೆ ಅರಿಯುವವರಾರು, ಅರಿವೆಂಬುದಾದರೂ ಯಾರದು ಎಂದು ಅವನ ಹಟ. ಷಟ್‌ಸ್ಥಲದ ಲೆಕ್ಕದಲ್ಲಿ ಅವನು ಐದನೆಯ ನೆಲೆಯ ಹೊಸ್ತಿಲಲ್ಲಿ ನಿಂತು ಆರನೆಯದನ್ನು ಸಂಶಯದಿಂದ ನೋಡಿದವನು. ಪರರ ಅನುಭವವನ್ನು ಎರವಲು ಪಡೆಯಲೊಲ್ಲದ ಆ ಪ್ರಾಮಾಣಿಕತೆಯನ್ನು ಮೆಚ್ಚತಕ್ಕದ್ದೇ.

ಪ್ರತಿಮೆಯು ಬಾಳನ್ನು ಕೂಡಿಸುವಂತೆ ಒಡೆಯಲೂ ಬಲ್ಲದೆಂಬುದಕ್ಕೆ ಹೊಳೆಯ ಕೆಳಗಣ ಸವದತ್ತಿಯ ಗುಡ್ಡವೇ ಸಾಕ್ಷಿ. ರೇಣುಕೆಯ ಶಿರವನ್ನು ಮಗನೇ ಕಡಿಯುವ ಕಥೆ ಎಲ್ಲರಿಗೂ ಗೊತ್ತು. ದಕ್ಷಿಣದೇಶದಲ್ಲಿ ಹಲವೆಡೆ ಅದಕ್ಕೊಂದು ಮುಂದಣ ಭಾಗವೂ ಇದೆ: ಮಾತಂಗಿಯ ಶಿರವೂ ಕೂಡಿಯೇ ಉರುಳಿ, ಮತ್ತೆ ಜೀವ ಬರುವಾಗ ರುಂಡಮುಂಡಗಳು ಅದಲುಬದಲಾದವು. ಗುಡ್ಡದ ಮೇಲೆ ಮಾತಂಗಿಗೂ ಗುಡಿಯುಂಟು. ಉಚ್ಚನೀಚವೆಂದು ಸಮಾಜವು ಕತ್ತರಿಸಿದ್ದನ್ನು ಕಥೆಯು ಹೀಗೆ ಒಂದೇ ಮೈಯಲ್ಲಿ ಹೊಲಿಯಿತು. (ಇದೇ ಜಾತಿಯ ಬೇತಾಳ ಕಥೆಯನ್ನು ಥಾಮಸ್ ಮಾನ್ 1940ರಲ್ಲಿ ಕಾದಂಬರಿಯಾಗಿಸಿ ಯೂಂಗನ ಮಿತ್ರ ಝಿಮ್ಮರನಿಗೆ ಅರ್ಪಿಸಿದನು. ಗಿರೀಶ ಕಾರ್ನಾಡರು ಅದರಿಂದಲೇ ಪೂರ್ಣತೆಯ ಹುಡುಕಾಟದ ನಾಟಕವಾದ ‘ಹಯವದನ’ವನ್ನು ಕಟ್ಟಿದರು.) ಚಳಿಗಾಲದ ಒಂದು ಹುಣ್ಣಿಮೆ ರಂಡೆ ಹುಣ್ಣಿಮೆ, ಮುಂದೊಂದು ಮುತ್ತೈದೆ ಹುಣ್ಣಿಮೆ, ದೇವಿಯೇ ವಿಧವೆಯಾಗಿ ಮತ್ತೆ ಸುಮಂಗಲಿಯಾಗುವಳು. ದುಃಖವನ್ನು ದಾಟುವ ದಾರಿಯನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರವೂ ಹೇಳಿರಲಾರದು.

ಆದರೆ ಅದೇ ಗುಡ್ಡದಲ್ಲಿ, ಅದೇ ದೇವಿಯ ಹೆಸರಿನಲ್ಲಿ, ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ಅವರ ಬಾಳನ್ನು ಊರಿನ ಪಾಲುಮಾಡಿದರು. ದಲಿತರ ಮಕ್ಕಳೇ ಇವರಲ್ಲಿ ಹೆಚ್ಚು. ಇಲ್ಲಿ ಪ್ರತಿಮೆಯ ಸೊಗಸನ್ನು ಮುಂದುಮಾಡಿ ಅನ್ಯಾಯವನ್ನು ಮರೆಯಿಸುವ ವ್ಯಾಖ್ಯಾನಕಾರನು ಯೂಂಗನ ಶಿಷ್ಯನೂ ಅಲ್ಲ, ಜೋಶಿಯವರ ಓದುಗನೂ ಅಲ್ಲ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಈ ಪದ್ಧತಿಯನ್ನು ಕಾಯಿದೆಯಿಂದ ನಿಷೇಧಿಸಲಾಯಿತು. ಆಮೇಲೆಯೂ ಅದು ಗುಟ್ಟಾಗಿ ನಡೆಯಿತು. ಏಕೆಂದರೆ ಮಗಳ ಕೂದಲು ಗಂಟುಗಟ್ಟಿ ಜಡೆಯಾದರೆ ಅದು ಎಲ್ಲಮ್ಮನ ಕರೆಯೆಂದು ತಾಯಿಯ ಮನಸ್ಸು ಮೊದಲೇ ಒಪ್ಪಿಕೊಂಡಿರುತ್ತಿತ್ತು. ಆ ಜಡೆಯನ್ನು ಕತ್ತರಿಸಲು ಕತ್ತರಿಯೊಂದೇ ಸಾಲದೆಂಬದು ಈ ಕೆಲಸಕ್ಕೆ ನಿಂತ ಕಾರ್ಯಕರ್ತರಿಗೆ ತಿಳಿದ ವಿಷಯ. ಅವರು ಮೊದಲು ಮನೆಯವರೊಡನೆ ಕುಳಿತು, ಅಂಜಿಕೆಯನ್ನೆಲ್ಲ ಕೇಳಿಕೊಂಡು, ಕೊನೆಗೆ ಹುಡುಗಿಯ ತಲೆಯನ್ನು ತೊಳೆದು ಬಾಚಿ ತೋರಿಸಬೇಕಾಗುತ್ತದೆ.